ಮೂಡಣ ಗಾಳಿ, ಪಡುವಣ ಗಾಳಿ ಮತ್ತು ನಮ್ಮೂರ ಬೇಸಿಗೆ

ಮಕ್ಕಳೇ, ಶಾಲೆಯ ಭೂಪಟವನ್ನು ಒಮ್ಮೆ ಬಿಡಿಸಿಕೊಳ್ಳಿ. ಅರಬ್ಬಿ ಸಮುದ್ರದ ದಂಡೆಯ ಮೇಲಿರುವ ರತ್ನಾಗಿರಿಯನ್ನು ಹುಡುಕಿ ಅದರ ಮೇಲೆ ಬೆರಳಿಡಿ. ಈಗ ಬೆರಳನ್ನು ಮೆಲ್ಲಗೆ ಪೂರ್ವಕ್ಕೆ ಸರಿಸಿ. ಸಹ್ಯಾದ್ರಿ ಬೆಟ್ಟಸಾಲು ದಾಟಿದರೆ ನಮ್ಮ ಕೊಲ್ಹಾಪುರ ಸಿಗುತ್ತದೆ. ಅದರ ಮಗ್ಗುಲಲ್ಲೇ ಪಂಚಗಂಗೆಯ ದಂಡೆಯ ಇಚಲಕರಂಜಿ. ಇನ್ನೂ ಮುಂದೆ ಹೋದರೆ ವಿಜಯಪುರ, ಆಮೇಲೆ ಕಲಬುರಗಿ. ಈ ಊರುಗಳೆಲ್ಲ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲೇ ಇವೆ. ಹಾಗಾಗಿ ಮಧ್ಯಾಹ್ನದ ಸೂರ್ಯ ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತಾನೆ.

ಆದರೆ ಏಪ್ರಿಲ್ ತಿಂಗಳ ಹಗಲಿನ ಸರಾಸರಿ ಗರಿಷ್ಠ ತಾಪಮಾನ ನೋಡಿ. ರತ್ನಾಗಿರಿಯಲ್ಲಿ ಅದು 32-33 ಡಿಗ್ರಿ ಸೆಲ್ಸಿಯಸ್. ಕೊಲ್ಹಾಪುರದಲ್ಲಿ 37ರ ಸುತ್ತಮುತ್ತ. ಕಲಬುರಗಿಯಲ್ಲಿ 40ರ ಹತ್ತಿರ. ಸೂರ್ಯ ಒಬ್ಬನೇ, ಬೇಸಿಗೆ ಮಾತ್ರ ಮೂರು ಬಗೆ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ, ಪ್ರತಿವರ್ಷ ಹವಾಮಾನ ಇಲಾಖೆ ಹೊರಡಿಸುವ ‘ಬೇಸಿಗೆಯ ಮುನ್ನೋಟ’ವನ್ನು ಓದುವುದೂ ನಿಮಗೆ ತಾನಾಗಿ ಬರುತ್ತದೆ.

ಮುನ್ನೋಟ ಎಂದರೇನು?

ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಈಗ ಅದು ಹಲವು ಬಗೆಯ ಮುನ್ಸೂಚನೆ ಕೊಡುತ್ತದೆ. ಇನ್ನು ಮೂರು ಗಂಟೆಯೊಳಗೆ ಗುಡುಗು ಮಳೆ ಬರಬಹುದೇ ಎಂದು ಹೇಳುವುದು ಒಂದು ಬಗೆ. ಮುಂದಿನ ಐದಾರು ದಿನ ಹೇಗಿರುತ್ತದೆ ಎನ್ನುವುದು ಇನ್ನೊಂದು. ಇಡೀ ಬೇಸಿಗೆ ಯಾವ ಕಡೆಗೆ ವಾಲಿಕೊಂಡಿದೆ ಎಂದು ಹೇಳುವುದು ಮತ್ತೊಂದು. ಈ ಕೊನೆಯದೇ ಬೇಸಿಗೆಯ ಮುನ್ನೋಟ. 2016ರಿಂದ ಇಲಾಖೆ ಇದನ್ನು ಪ್ರತಿವರ್ಷ ಕೊಡುತ್ತಾ ಬಂದಿದೆ. ಏಪ್ರಿಲ್, ಮೇ, ಜೂನ್ ತಿಂಗಳುಗಳ ಮುನ್ನೋಟ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಅಥವಾ ಏಪ್ರಿಲ್ ಮೊದಲಿಗೆ ಹೊರಬರುತ್ತದೆ.

ಒಂದು ಉದಾಹರಣೆ ನೋಡೋಣ. 2024ರ ಏಪ್ರಿಲ್ 1ರಂದು ಬಂದ ಮುನ್ನೋಟ, ದೇಶದ ಹೆಚ್ಚಿನ ಭಾಗಗಳಲ್ಲಿ ವಾಡಿಕೆಗಿಂತ, ಅಂದರೆ ಹಲವು ವರ್ಷಗಳ ಸರಾಸರಿಗಿಂತ, ಹೆಚ್ಚು ಬಿಸಿಲು ಇರಬಹುದು ಎಂದಿತು. ವಾಡಿಕೆಯಂತೆ 4ರಿಂದ 8 ದಿನ ಇರುವ ಬಿಸಿಗಾಳಿ ಆ ವರ್ಷ ಬೇರೆ ಬೇರೆ ಕಡೆ 10ರಿಂದ 20 ದಿನ ಕಾಡಬಹುದು ಎಂದಿತು. ಹೆಚ್ಚು ಎಚ್ಚರ ಬೇಕಾದ ಪ್ರದೇಶಗಳ ಪಟ್ಟಿಯಲ್ಲಿ ಮಧ್ಯ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಹೆಸರೂ ಇದ್ದವು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಇರುವುದು ಆ ಮಧ್ಯ ಮಹಾರಾಷ್ಟ್ರದ ದಕ್ಷಿಣ ತುದಿಯಲ್ಲಿ. ಗಡಿ ದಾಟಿದರೆ ಉತ್ತರ ಕರ್ನಾಟಕ.

ಈ ಮುನ್ನೋಟ ನಮ್ಮೂರಿಗೆ ಏನು ಹೇಳುತ್ತದೆ ಎಂದು ತಿಳಿಯಬೇಕಾದರೆ ಮೊದಲು ಇಲ್ಲಿ ಬೀಸುವ ಎರಡು ಗಾಳಿಗಳ ಪರಿಚಯ ಮಾಡಿಕೊಳ್ಳಬೇಕು.

ಕಡಲು ನಿಧಾನ, ನೆಲ ಅವಸರ

ಒಂದು ಕಿಲೋ ಒಣ ಮಣ್ಣನ್ನೂ ಒಂದು ಕಿಲೋ ನೀರನ್ನೂ ಒಂದೊಂದು ಡಿಗ್ರಿ ಬಿಸಿ ಮಾಡಬೇಕು ಎಂದುಕೊಳ್ಳಿ. ನೀರಿಗೆ ಮಣ್ಣಿಗಿಂತ ಸುಮಾರು ಐದು ಪಟ್ಟು ಹೆಚ್ಚು ಶಾಖ ಬೇಕಾಗುತ್ತದೆ. ಜೊತೆಗೆ ಬಿಸಿಲು ನೀರಿನೊಳಗೆ ಆಳಕ್ಕೆ ಇಳಿಯುತ್ತದೆ, ಅಲೆಗಳು ಮೇಲಿನ ನೀರನ್ನು ಕೆಳಗಿನದರ ಜೊತೆ ಕಲಸುತ್ತಲೇ ಇರುತ್ತವೆ. ಆದ್ದರಿಂದ ಸಮುದ್ರ ದಿನವಿಡೀ ಬಿಸಿಲುಂಡರೂ ಅದರ ತಾಪ ಹೆಚ್ಚು ಏರುವುದಿಲ್ಲ. ನೆಲದ ಕಥೆ ಬೇರೆ. ಬಿಸಿಲು ಮಣ್ಣಿನ ಮೇಲ್ಪದರದಲ್ಲೇ ನಿಲ್ಲುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಇಳಿದವರಿಗೆಲ್ಲ ಇದು ಗೊತ್ತು. ಅದರಲ್ಲೂ ಕಪ್ಪು ಎರೆಮಣ್ಣು ಬಿಸಿಲನ್ನು ಇನ್ನಷ್ಟು ಹೀರಿಕೊಳ್ಳುತ್ತದೆ.

ಕಾದ ನೆಲಕ್ಕೆ ತಾಗಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ಹಗುರಾಗಿ ಮೇಲೇರುತ್ತದೆ. ಖಾಲಿಯಾದ ಜಾಗ ತುಂಬಲು ಸಮುದ್ರದ ಮೇಲಿನ ತಂಪು ಗಾಳಿ ನೆಲದ ಕಡೆಗೆ ನುಗ್ಗುತ್ತದೆ. ಇದೇ ಕಡಲ ಗಾಳಿ. ಕೊಂಕಣದಲ್ಲಿ ಇದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆಯೇ ಬೀಸತೊಡಗುತ್ತದೆ. ರತ್ನಾಗಿರಿಯ ತಾಪ 32-33ಕ್ಕೆ ನಿಲ್ಲುವುದು ಈ ಗಾಳಿಯಿಂದಲೇ.

ಪಡುವಣ ಗಾಳಿ ಘಟ್ಟ ಹತ್ತಿದಾಗ

ಕಡಲ ಗಾಳಿ ದಂಡೆಯಲ್ಲೇ ನಿಂತುಬಿಡುವುದಿಲ್ಲ. ಹಗಲು ಏರಿದಂತೆ ಅದು ಒಳನಾಡಿನ ಕಡೆಗೆ ಸಾಗುತ್ತದೆ. ಎದುರಿಗೆ ಸಹ್ಯಾದ್ರಿ. ಗಗನಬಾವಡಾ, ಅಂಬಾ ಘಟ್ಟ, ಆಂಬೋಲಿಯ ಕಡೆಯ ಕಣಿವೆಗಳಲ್ಲಿ ಏರಿ, ಬೆಟ್ಟದ ನೆತ್ತಿ ದಾಟಿ ಅದು ನಮ್ಮ ಬಯಲಿಗೆ ಇಳಿಯುತ್ತದೆ. ಕೊಲ್ಹಾಪುರ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಸಮುದ್ರಕ್ಕೂ ಅದಕ್ಕೂ ನೇರ ಅಂತರ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಹಾಗಾಗಿ ಈ ಗಾಳಿ ಇಲ್ಲಿಗೆ ತಲುಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹಗಲಿಡೀ ಬೆಂದ ಇಚಲಕರಂಜಿಯ ಮಾಳಿಗೆಗಳ ಮೇಲೆ ಸಂಜೆ ಹೊತ್ತು ಮನೆಮಂದಿ ಕೂರುವುದು ಈ ಪಡುವಣ ಗಾಳಿಯನ್ನು ನಂಬಿ. ಕಲಬುರಗಿಗೆ ಇಷ್ಟು ಸುಲಭವಾಗಿ ಈ ಭಾಗ್ಯ ಸಿಗುವುದಿಲ್ಲ. ಅದು ಕಡಲಿನಿಂದ ಬಹಳ ದೂರ.

ಇನ್ನೊಂದು ವಿಶೇಷ ಕೇಳಿ. ನಮ್ಮ ಈ ಭಾಗದಲ್ಲಿ ಮೇ 6-7ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಆಗ ಅದರ ಬುಡದಲ್ಲೇ ಅಡಗುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಸೂರ್ಯ ನೆತ್ತಿಗೇರಿದ ಮೇಲೆ ಸೆಕೆ ಇನ್ನೂ ಹೆಚ್ಚಬೇಕಲ್ಲವೇ? ಆದರೆ ಕೊಲ್ಹಾಪುರದಲ್ಲಿ ಮೇ ತಿಂಗಳ ಸರಾಸರಿ ಹಗಲ ತಾಪ ಏಪ್ರಿಲ್‌ಗಿಂತ ತುಸು ಕಡಿಮೆಯೇ ಇರುತ್ತದೆ. ಮೇ ತಿಂಗಳಲ್ಲಿ ಪಡುವಣ ಗಾಳಿ ಬಲಗೊಳ್ಳುತ್ತದೆ, ಅದರ ಜೊತೆ ಮೋಡಗಳೂ ಬರುತ್ತವೆ. ಸೂರ್ಯ ಎಷ್ಟೇ ಮೇಲೇರಿದರೂ ಕೊನೆಯ ಮಾತು ಗಾಳಿಯದೇ.

ಮೂಡಣ ಗಾಳಿ ಘಟ್ಟ ಇಳಿದಾಗ

ಕೆಲವು ದಿನ ಗಾಳಿ ಉಲ್ಟಾ ಬೀಸುತ್ತದೆ. ಒಳನಾಡಿನ ಒಣ, ಬಿಸಿ ಗಾಳಿ ಪೂರ್ವದಿಂದ ಬಂದು, ನಮ್ಮ ಬಯಲು ದಾಟಿ, ಘಟ್ಟ ಇಳಿದು ಕೊಂಕಣಕ್ಕೆ ನುಗ್ಗುತ್ತದೆ. ಆಗ ಏನಾಗುತ್ತದೆ?

ಒಣ ಗಾಳಿ ಕೆಳಗಿಳಿದಂತೆಲ್ಲ ಅದರ ಮೇಲಿನ ಒತ್ತಡ ಹೆಚ್ಚುತ್ತದೆ. ಒತ್ತಡಕ್ಕೆ ಸಿಕ್ಕ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಮುಟ್ಟಿ ನೋಡಿದ್ದರೆ ಇದು ನಿಮ್ಮ ಕೈಗೇ ಗೊತ್ತಾಗಿರುತ್ತದೆ. ಒಣ ಗಾಳಿ 1000 ಮೀಟರ್ ಇಳಿದರೆ ಸುಮಾರು 10 ಡಿಗ್ರಿ ಕಾಯುತ್ತದೆ. ಕೊಲ್ಹಾಪುರದ 550 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿದರೆ ಲೆಕ್ಕ ಎಷ್ಟಾಯಿತು? ಸುಮಾರು ಐದೂವರೆ ಡಿಗ್ರಿ. ಮೊದಲೇ ಬಿಸಿಯಾಗಿದ್ದ ಗಾಳಿ ಇನ್ನಷ್ಟು ಬಿಸಿಯಾಗಿ ಕೊಂಕಣಕ್ಕೆ ಇಳಿಯುತ್ತದೆ. ಜೊತೆಗೆ ಅದು ಕಡಲ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಹನ್ನೊಂದು ಗಂಟೆಗೆ ಬರಬೇಕಾದ ತಂಪು ಗಾಳಿ ಎರಡಾದರೂ ಬಾರದಿದ್ದರೆ, ರತ್ನಾಗಿರಿಯಲ್ಲೂ ಕಾರವಾರದಲ್ಲೂ ತಾಪ ಸರಸರನೆ ಏರುತ್ತದೆ.

2025ರ ಫೆಬ್ರವರಿ ಕೊನೆಯ ವಾರ ಇಂಥದೇ ಸ್ಥಿತಿ ಬಂತು. ಇನ್ನೂ ಚಳಿಗಾಲ ಮುಗಿಯುವ ಮೊದಲೇ ಹವಾಮಾನ ಇಲಾಖೆ ಕೊಂಕಣಕ್ಕೂ ಕರಾವಳಿ ಕರ್ನಾಟಕಕ್ಕೂ ಬಿಸಿಗಾಳಿಯ ಎಚ್ಚರಿಕೆ ಕೊಡಬೇಕಾಯಿತು.

ಬಿಸಿಗಾಳಿ ಎಂದು ಕರೆಯಲು ಇಲಾಖೆಗೆ ಒಂದು ಅಳತೆಗೋಲಿದೆ. ಬಯಲುನಾಡಿನಲ್ಲಿ ಗರಿಷ್ಠ ತಾಪ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆ ಏನೇ ಇರಲಿ, ತಾಪ 45 ಮುಟ್ಟಿದರಂತೂ ಅದು ಬಿಸಿಗಾಳಿಯೇ. ಕರಾವಳಿಗೆ 37 ಸಾಕು ಎಂದದ್ದು ಏಕೆ ಗೊತ್ತೇ? ಅಲ್ಲಿನ ಗಾಳಿಯಲ್ಲಿ ನೀರಾವಿ ಹೆಚ್ಚು. ನಮ್ಮ ಮೈ ತಣ್ಣಗಾಗುವುದು ಬೆವರು ಆರಿದಾಗ. ಆವಿ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಶಾಖ ಮೈಯಲ್ಲೇ ಉಳಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ತಾಪ ತೋರಿಸುವ ಎರಡು ತಾಪಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬೀಸಣಿಗೆಯಿಂದ ಎರಡಕ್ಕೂ ಗಾಳಿ ಹಾಕಿ. ಒದ್ದೆ ಬಟ್ಟೆಯದು ಇಳಿಯುತ್ತಾ ಹೋಗುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ಮೂಡಣ ಗಾಳಿಯ ಒಣ ಮಧ್ಯಾಹ್ನ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಮಳೆಗೆ ಮುಂಚಿನ ಜಿಗುಟು ಸಂಜೆ ವ್ಯತ್ಯಾಸ ಚಿಕ್ಕದು. ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ಹವಾಮಾನ ಕೇಂದ್ರಗಳು ಅಳೆಯುತ್ತಾ ಬಂದಿರುವುದೂ ಇದೇ ಉಪಾಯದಿಂದ.

ಇಚಲಕರಂಜಿಯಲ್ಲಿ ಈ ತೇವದ ಲೆಕ್ಕ ಮಗ್ಗದವರಿಗೆ ಚೆನ್ನಾಗಿ ಗೊತ್ತು. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಇಂದು ಊರಿನ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಹತ್ತಿ ನೂಲಿಗೆ ಒಂದು ಗುಣವಿದೆ: ತೇವ ಇದ್ದರೆ ಗಟ್ಟಿ, ಒಣಗಿದರೆ ಪೆಡಸು. ಒಣ ಮೂಡಣ ಗಾಳಿ ಬೀಸಿದ ದಿನ ಹಾಸಿನ ಎಳೆಗಳು ಮತ್ತೆ ಮತ್ತೆ ಹರಿಯುತ್ತವೆ. ಎಳೆ ಹರಿದಾಗಲೆಲ್ಲ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಅದಕ್ಕೇ ಮಗ್ಗದ ಶೆಡ್ಡಿನಲ್ಲಿ ನೆಲಕ್ಕೆ ನೀರು ಚಿಮುಕಿಸಿ ಗಾಳಿಯ ತೇವ ಕಾಪಾಡುತ್ತಾರೆ. ನೂಲಿಗೆ ಹಿತವಾದ ಆ ತೇವ, ಶೆಡ್ಡಿನೊಳಗೆ ದುಡಿಯುವವರ ಬೆವರು ಆರಗೊಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರೆ ಬೇಸಿಗೆಯಲ್ಲಿ ಅವರಿಗೆ ಎಷ್ಟು ದಣಿವಾಗುತ್ತದೆ ಎಂದು ಇದರಿಂದ ಊಹಿಸಿ.

ಎರಡೂ ಗಾಳಿ ಸೇರಿದಾಗ

ಪಡುವಣ ಗಾಳಿಯಲ್ಲಿ ತೇವ ಇದೆ. ಮೂಡಣ ಗಾಳಿಯಲ್ಲಿ ಬಿಸಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇವೆರಡೂ ಕೆಲವು ದಿನ ನಮ್ಮ ಬಯಲಿನ ಮೇಲೆಯೇ ಎದುರುಬದುರಾಗುತ್ತವೆ. ಎರಡು ಕಡೆಯಿಂದ ಬಂದ ಗಾಳಿಗೆ ಹೋಗಲು ದಾರಿ ಮೇಲಕ್ಕೊಂದೇ. ತೇವ ಹೊತ್ತ ಗಾಳಿ ಮೇಲೇರಿದಂತೆ ತಣಿಯುತ್ತದೆ, ಆವಿ ಹನಿಯಾಗಿ ಮೋಡ ಕಟ್ಟುತ್ತದೆ. ಎರಡು ಮೂರು ಗಂಟೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗುಡುಗು ಮೋಡ ನಿಲ್ಲುತ್ತದೆ. ಮರಾಠಿಯಲ್ಲಿ ವಳೀವ ಎಂದೂ ನಮ್ಮಲ್ಲಿ ಅಡ್ಡಮಳೆ ಎಂದೂ ಕರೆಯುವ ಬೇಸಿಗೆ ಮಳೆ ಇದೇ.

ಗಡಹಿಂಗ್ಲಜದ ಕಡೆಯ ಹೊಲದ ಮನೆಗಳಲ್ಲಿ ಇಂಥ ಮಾತು ಎಷ್ಟೋ ಸಲ ಕೇಳಿಬರುತ್ತದೆ:

“ಅಜ್ಜಾ, ಇವತ್ತ ಮಳಿ ಬರತೈತೇನು?”

“ಮುಂಜಾನಿಂದ ಗಾಳಿ ನಿಂತೈತಿ, ಮೈ ಜಿಗಿಜಿಗಿ ಅನ್ನಾಕತ್ತೈತಿ. ಸಂಜಿಗೆ ಬರತೈತಿ ನೋಡವ್ವಾ. ಕಣಕಿ ಬಣವಿ ಮ್ಯಾಲ ತಾಡಪತ್ರಿ ಹೊಚ್ಚೂಣು ನಡಿ.”

ಅಜ್ಜನ ಮಾತಿನಲ್ಲಿ ಒಳ್ಳೆಯ ವಿಜ್ಞಾನ ಇದೆ. ಮೈ ಜಿಗುಟಾಗಿದೆ ಎಂದರೆ ಬೆವರು ಆರುತ್ತಿಲ್ಲ, ಅಂದರೆ ಗಾಳಿಯಲ್ಲಿ ತೇವ ಬಂದಿದೆ. ಗಾಳಿ ನಿಂತಿದೆ ಎಂದರೆ ಎರಡೂ ಕಡೆಯ ಗಾಳಿ ಒಂದನ್ನೊಂದು ತಡೆದಿರಬಹುದು. ಪಣಜಿ ಮತ್ತು ಮುಂಬಯಿಯಲ್ಲಿ ಹವಾಮಾನ ಇಲಾಖೆ ದಿನವೂ ಉಪಕರಣ ಕಟ್ಟಿದ ಬಲೂನು ಹಾರಿಸಿ, ಮೇಲಿನ ಗಾಳಿಯ ತಾಪ ಮತ್ತು ತೇವ ಅಳೆಯುತ್ತದೆ. ಆ ಬಲೂನು ಹೇಳುವ ಸುದ್ದಿಯ ಒಂದು ಭಾಗವನ್ನು ಅಜ್ಜ ತನ್ನ ಮೈಯಿಂದಲೇ ತಿಳಿದುಕೊಂಡಿದ್ದಾನೆ.

ಕೆಲವು ಸಲ ಈ ಮಳೆಯ ಜೊತೆ ಆಣೆಕಲ್ಲು ಬೀಳುತ್ತದೆ. ಮಳೆ, ಗುಡುಗು ಪೂರ್ತಿ ನಿಂತ ಮೇಲೆ ದೊಡ್ಡದೊಂದು ಕಲ್ಲು ಹೆಕ್ಕಿ, ದೊಡ್ಡವರ ಕೈಯಿಂದ ಚಾಕುವಿನಲ್ಲಿ ಅಡ್ಡಕ್ಕೆ ಕೊಯ್ಸಿ ನೋಡಿ. ಒಳಗೆ ಬಿಳಿ ಪದರ, ಗಾಜಿನಂಥ ಪದರ, ಮತ್ತೆ ಬಿಳಿ ಪದರ ಕಾಣಬಹುದು. ಮೋಡದೊಳಗೆ ಮೇಲೇರುವ ಗಾಳಿ ಆ ಕಲ್ಲನ್ನು ಬೀಳಗೊಡದೆ ಎತ್ತಿಹಿಡಿದಿರುತ್ತದೆ. ಅಷ್ಟು ಹೊತ್ತೂ ನೀರು ಅದರ ಮೇಲೆ ಹೆಪ್ಪುಗಟ್ಟುತ್ತಿರುತ್ತದೆ. ತಟ್ಟನೆ ಹೆಪ್ಪುಗಟ್ಟಿದರೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡು ಪದರ ಬಿಳಿಯಾಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಗುಳ್ಳೆ ಹೊರಬಿದ್ದು ಪದರ ತಿಳಿಯಾಗುತ್ತದೆ. ಮೋಡದಲ್ಲಿ ಆ ಕಲ್ಲು ಎಲ್ಲೆಲ್ಲಿ ಸುತ್ತಿತು ಎಂಬುದರ ಗುರುತು ಆ ಪದರಗಳಲ್ಲಿ ಉಳಿದಿರುತ್ತದೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಿ. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 9 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಬಿದ್ದದ್ದು 3 ಕಿಲೋಮೀಟರ್ ದೂರದಲ್ಲಿ. ಮುಂದಿನದು ನಿಮ್ಮ ಹತ್ತಿರವೇ ಬೀಳಬಹುದು. ಗುಡುಗು ಕೇಳಿಸಿತು ಎಂದರೆ ಬಯಲಿನಲ್ಲಿ ನಿಲ್ಲಬೇಡಿ, ಮರದಡಿ ನಿಲ್ಲಬೇಡಿ, ನದಿಯಲ್ಲಿದ್ದರೆ ಮೇಲೆ ಬನ್ನಿ, ಪಕ್ಕಾ ಮನೆಯೊಳಗೆ ಸೇರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ‘ದಾಮಿನಿ’ ಎಂಬ ಆ್ಯಪ್ ಮಾಡಿದೆ. ಹತ್ತಿರದಲ್ಲಿ ಸಿಡಿಲಿನ ಸಾಧ್ಯತೆ ಇದ್ದರೆ ಅದು ಮೊಬೈಲಿಗೆ ತಿಳಿಸುತ್ತದೆ. ಮನೆಯ ದೊಡ್ಡವರಿಗೆ ಹೇಳಿ ಹಾಕಿಸಿಕೊಳ್ಳಿ.

ಮೂರು ತಿಂಗಳ ಮಾತು ಇವತ್ತೇ ಹೇಗೆ ಗೊತ್ತು?

ಮುಂದಿನ ತಿಂಗಳ ಹತ್ತನೇ ತಾರೀಖು ಮಧ್ಯಾಹ್ನ ಇಚಲಕರಂಜಿಯಲ್ಲಿ ಮಳೆ ಬರುತ್ತದೆಯೇ ಎಂದು ಇವತ್ತು ಯಾರೂ ಹೇಳಲಾರರು. ಯಾಕೆಂದು ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಲೊರೆಂಝ್. 1961ರಲ್ಲಿ ಅವರು ಕಂಪ್ಯೂಟರಿನಲ್ಲಿ ಹವೆಯ ಲೆಕ್ಕವೊಂದನ್ನು ಎರಡನೇ ಸಲ ನಡೆಸುತ್ತಿದ್ದರು. ಮೊದಲ ಸಲ ಕಂಪ್ಯೂಟರಿನೊಳಗೆ 0.506127 ಎಂದಿದ್ದ ಸಂಖ್ಯೆಯನ್ನು ಈ ಸಲ 0.506 ಎಂದಷ್ಟೇ ಕೊಟ್ಟರು. ಅಷ್ಟು ಸಣ್ಣ ವ್ಯತ್ಯಾಸ! ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಯಾಗಿ ನಡೆದವು. ಆಮೇಲೆ ಬೇರೆಯಾಗುತ್ತಾ ಹೋಗಿ, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಎರಡು ಹವೆಗಳಾದವು. ಗಾಳಿಯ ಇವತ್ತಿನ ಸ್ಥಿತಿಯನ್ನು ನಾವು ಎಷ್ಟೇ ಚೆನ್ನಾಗಿ ಅಳೆದರೂ ಒಂದಿಷ್ಟು ಬಿಟ್ಟೇಹೋಗುತ್ತದೆ. ಎರಡು ವಾರ ಕಳೆಯುವುದರೊಳಗೆ ಆ ಬಿಟ್ಟುಹೋದದ್ದೇ ದೊಡ್ಡದಾಗಿ ಬೆಳೆದುಬಿಡುತ್ತದೆ.

ಹಾಗಾದರೆ ಮೂರು ತಿಂಗಳ ಮುನ್ನೋಟಕ್ಕೆ ಆಧಾರ ಯಾವುದು? ಸಮುದ್ರ. ಆಗಲೇ ಹೇಳಿದೆನಲ್ಲ, ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಇವತ್ತು ಬೆಚ್ಚಗಿರುವ ಸಮುದ್ರ ಮುಂದಿನ ತಿಂಗಳೂ ಬೆಚ್ಚಗೇ ಇರುವ ಸಂಭವ ಹೆಚ್ಚು. ಗಾಳಿಯ ದಿನದಿನದ ಕುಣಿತ ಗೊತ್ತಾಗದಿದ್ದರೂ, ಕೆಳಗಿರುವ ಸಮುದ್ರ ಅದನ್ನು ಯಾವ ಕಡೆಗೆ ಎಳೆಯುತ್ತದೆ ಎಂದು ಲೆಕ್ಕ ಹಾಕಬಹುದು.

ದೂರದ ಸಮುದ್ರವೂ ನಮ್ಮನ್ನು ಎಳೆಯುತ್ತದೆ ಎಂದು ಕಂಡುಕೊಂಡವರಲ್ಲಿ ಗಿಲ್ಬರ್ಟ್ ವಾಕರ್ ಮುಖ್ಯರು. ಗಣಿತಜ್ಞರಾದ ಅವರು 1904ರಿಂದ 1924ರ ವರೆಗೆ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದರು. ಜಗತ್ತಿನ ಹಲವು ಕಡೆಯ ಒತ್ತಡ, ಮಳೆ, ತಾಪದ ದಾಖಲೆಗಳನ್ನು ತರಿಸಿ ಹೋಲಿಸಿದರು. ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂದು ಅವರಿಗೆ ಗೊತ್ತಾಯಿತು. ಪೆಸಿಫಿಕ್‌ನ ನಡುಭಾಗ ಮತ್ತು ಪೂರ್ವಭಾಗ ವಾಡಿಕೆಗಿಂತ ಬಿಸಿಯಾಗುವ ‘ಎಲ್ ನಿನೊ’ಗೂ ಈ ಏರಿಳಿತಕ್ಕೂ ನಂಟಿದೆ ಎಂಬುದು ಮುಂದೆ ತಿಳಿಯಿತು. ಎಲ್ ನಿನೊ ಇದ್ದ ಕಾಲದಲ್ಲಿ ಭಾರತದ ಬೇಸಿಗೆ ಹೆಚ್ಚು ಬಿಸಿಯಾಗುವುದುಂಟು. 2023ರಲ್ಲಿ ಶುರುವಾದ ಎಲ್ ನಿನೊ 2024ರ ಬೇಸಿಗೆಗೂ ಮುಂದುವರಿದಿತ್ತು. ಆ ವರ್ಷದ ಮುನ್ನೋಟ ಅಷ್ಟು ಬಿಸಿಯಾಗಿದ್ದಕ್ಕೆ ಇದೂ ಒಂದು ಕಾರಣ.

ಈಗ ವಿಜ್ಞಾನಿಗಳು ಲೊರೆಂಝ್ ಕಂಡ ತೊಡಕನ್ನೇ ಒಂದು ಉಪಾಯವಾಗಿ ಬಳಸುತ್ತಾರೆ. ಆರಂಭದ ಸಂಖ್ಯೆಗಳನ್ನು ಚೂರುಚೂರು ಬದಲಿಸಿ ಒಂದೇ ಲೆಕ್ಕವನ್ನು ಹಲವು ಸಲ ನಡೆಸುತ್ತಾರೆ. ಅವುಗಳಲ್ಲಿ ಎಷ್ಟು ಲೆಕ್ಕಗಳು ಬಿಸಿ ಬೇಸಿಗೆ ತೋರಿಸಿದವು, ಎಷ್ಟು ತಂಪು ಬೇಸಿಗೆ ತೋರಿಸಿದವು ಎಂದು ಎಣಿಸುತ್ತಾರೆ. ಹಾಗಾಗಿಯೇ ಮುನ್ನೋಟದಲ್ಲಿ ‘ಸಾಧ್ಯತೆ ಶೇಕಡಾ ಇಷ್ಟು’ ಎಂಬ ಮಾತು ಬರುತ್ತದೆ.

ಈ ಶೇಕಡಾ ಲೆಕ್ಕವನ್ನು ಗೋಲಿಗಳಿಂದ ತಿಳಿಯೋಣ. ಹಿಂದಿನ 30 ವರ್ಷದ ಬೇಸಿಗೆಗಳನ್ನು ತಂಪಿನಿಂದ ಬಿಸಿಗೆ ಸಾಲಾಗಿ ಜೋಡಿಸಿ. ಮೊದಲ 10 ತಂಪು, ನಡುವಿನ 10 ವಾಡಿಕೆ, ಕೊನೆಯ 10 ಬಿಸಿ. ತಂಪಿಗೆ ನೀಲಿ, ವಾಡಿಕೆಗೆ ಬಿಳಿ, ಬಿಸಿಗೆ ಕೆಂಪು ಗೋಲಿ ಎಂದುಕೊಂಡು ಮೂವತ್ತನ್ನೂ ಚೀಲಕ್ಕೆ ಹಾಕಿ. ಏನೂ ತಿಳಿಯದೆ ಕೈ ಹಾಕಿದರೆ ಮೂರೂ ಬಣ್ಣಕ್ಕೆ ಸಮಪಾಲು. ಈಗ ಮುನ್ನೋಟ ‘ವಾಡಿಕೆಗಿಂತ ಹೆಚ್ಚು ಬಿಸಿಲಿನ ಸಾಧ್ಯತೆ ಶೇ. 60’ ಎಂದಿತು ಎನ್ನಿ. ಆಗ ಚೀಲದಲ್ಲಿ 18 ಕೆಂಪು ಗೋಲಿ ಇದ್ದಂತಾಯಿತು. ಬಿಳಿ, ನೀಲಿ ಸೇರಿ 12. ಕೆಂಪು ಬರುವ ಸಂಭವ ಹೆಚ್ಚು. ಆದರೂ ಕೈಗೆ ನೀಲಿ ಬಂದರೆ ಚೀಲ ಸುಳ್ಳು ಹೇಳಿತು ಎನ್ನುವ ಹಾಗಿಲ್ಲ. ನೀಲಿ ಗೋಲಿಯೂ ಅದರಲ್ಲಿತ್ತಲ್ಲ!

2025ರಲ್ಲಿ ನಡೆದದ್ದು ನೋಡಿ. ಮಾರ್ಚ್ 31ರಂದು ಬಂದ ಮುನ್ನೋಟ ದೇಶದ ಹೆಚ್ಚಿನ ಭಾಗಕ್ಕೆ ವಾಡಿಕೆಗಿಂತ ಹೆಚ್ಚು ಬಿಸಿಲು ಎಂದಿತ್ತು. ಆದರೆ ಮೇ ತಿಂಗಳ ಉತ್ತರಾರ್ಧದಲ್ಲಿ ಪಶ್ಚಿಮ ಮಹಾರಾಷ್ಟ್ರದಲ್ಲೆಲ್ಲ ಮಳೆ ಸುರಿಯಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಬಂತು. ಜೂನ್ 11ರ ಸುಮಾರಿಗೆ ಮುಂಬಯಿ ಸೇರುವುದು ವಾಡಿಕೆ. ಆ ವರ್ಷ ಮೇ 26ಕ್ಕೇ ಸೇರಿತು. ಪಡುವಣ ಗಾಳಿ ಅವಧಿಗೆ ಮುಂಚೆಯೇ ಬಲವಾಗಿ ಬೀಸಿತು, ನಮ್ಮ ಬೇಸಿಗೆ ಬೇಗ ಮುಗಿಯಿತು.

ನಿಮ್ಮ ಓಣಿಯ ಹವಾಮಾನ ಕೇಂದ್ರ

ಮುನ್ನೋಟ ಓದುವಾಗ ನೆನಪಿಡಬೇಕಾದ ಇನ್ನೊಂದು ಮಾತಿದೆ. ಹವಾಮಾನ ಇಲಾಖೆ ಮಹಾರಾಷ್ಟ್ರವನ್ನು ನೋಡುವುದು ನಾಲ್ಕು ಭಾಗಗಳಾಗಿ: ಗೋವಾದ ಜೊತೆ ಸೇರಿದ ಕೊಂಕಣ, ಮಧ್ಯ ಮಹಾರಾಷ್ಟ್ರ, ಮರಾಠವಾಡಾ, ವಿದರ್ಭ. ಉತ್ತರದ ಜಳಗಾವದಿಂದ ದಕ್ಷಿಣದ ಕೊಲ್ಹಾಪುರದ ವರೆಗೆ ಎಲ್ಲವೂ ಮಧ್ಯ ಮಹಾರಾಷ್ಟ್ರವೇ. ಜಳಗಾವದಲ್ಲಿ ಬೇಸಿಗೆ ತಾಪ 40 ದಾಟುವುದು ಮಾಮೂಲು. ನಮ್ಮಲ್ಲಿ ಹಾಗಲ್ಲ. ಗಗನಬಾವಡಾದಲ್ಲಿ ಘಟ್ಟದ ಮಂಜು, ಇಚಲಕರಂಜಿಯಲ್ಲಿ ಕಾಂಕ್ರೀಟು ಮಾಳಿಗೆ, ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯಲ್ಲಿ ಕಬ್ಬಿನ ಹಸಿರು. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಬಗೆ. ಇಡೀ ಪ್ರದೇಶದ ಮುನ್ನೋಟಕ್ಕೆ ನಿಮ್ಮ ಓಣಿ ಕಾಣುವುದಿಲ್ಲ. ಅದನ್ನು ಕಾಣಬೇಕಾದವರು ನೀವೇ.

ಗಾಳಿಯ ದಿಕ್ಕಿನಿಂದ ಶುರು ಮಾಡಿ. ಇಚಲಕರಂಜಿಯಲ್ಲಿ ನೂಲಿನ ತುಂಡಿಗೆ ಬರವಿಲ್ಲ. ಒಂದು ಮೊಳ ವೇಸ್ಟ್ ನೂಲನ್ನು ಕೋಲಿನ ತುದಿಗೆ ಕಟ್ಟಿ ಮಾಳಿಗೆಯ ಮೇಲೆ, ಗೋಡೆಗಳ ಅಡ್ಡ ಇಲ್ಲದ ಕಡೆ ನಿಲ್ಲಿಸಿ. ಗಾಳಿಗೆ ಹೆಸರಿಡುವುದು ಅದು ಬಂದ ದಿಕ್ಕಿನಿಂದ. ನೂಲು ಪೂರ್ವಕ್ಕೆ ಹಾರಿದರೆ ಅದು ಪಡುವಣ ಗಾಳಿ. ಪಶ್ಚಿಮಕ್ಕೆ ಹಾರಿದರೆ ಮೂಡಣ ಗಾಳಿ.

ತಾಪಮಾಪಕವನ್ನು ಬಿಸಿಲಿಗೆ ಇಡಬೇಡಿ, ಗೋಡೆಗೂ ತಾಗಿಸಬೇಡಿ. ಬಿಸಿಲಿಗಿಟ್ಟರೆ ಅದು ಗಾಳಿಯ ತಾಪ ತೋರಿಸುವುದಿಲ್ಲ, ತಾನೇ ಕಾದ ತಾಪ ತೋರಿಸುತ್ತದೆ. ಗಾಳಿ ಆಡುವ ನೆರಳಿನಲ್ಲಿ, ನೆಲದಿಂದ ನಾಲ್ಕೈದು ಅಡಿ ಮೇಲೆ ತೂಗುಹಾಕಿ. ಹವಾಮಾನ ಕೇಂದ್ರಗಳಲ್ಲೂ ತಾಪಮಾಪಕಗಳನ್ನು ಗಾಳಿಕಿಂಡಿಗಳಿರುವ ಬಿಳಿ ಮರದ ಪೆಟ್ಟಿಗೆಯಲ್ಲಿ ಹೀಗೇ ನೆರಳಿನಲ್ಲಿಡುತ್ತಾರೆ.

ಸರಿಯಾಗಿ ಅಳೆಯುವುದನ್ನು ಜೀವನದ ವ್ರತ ಮಾಡಿಕೊಂಡವರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅವರು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ನಮ್ಮ ದೇಶಕ್ಕೆ ಹವಾಮಾನದ ಉಪಕರಣಗಳು ಹೆಚ್ಚಾಗಿ ವಿದೇಶದಿಂದ ಬರುತ್ತಿದ್ದವು. ಅಣ್ಣಾ ಮಣಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು, ಅವುಗಳನ್ನು ಇಲ್ಲಿಯೇ ತಯಾರಿಸುವ ದಾರಿ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂದು ಅವರು ನಂಬಿದ್ದರು.

ನಿಮ್ಮ ವಹಿಯಲ್ಲಿ ಐದು ಸಾಲು ಸಾಕು: ತಾರೀಖು, ಬೆಳಗ್ಗೆ ಎಂಟೂವರೆಯ ತಾಪ, ಸಂಜೆ ಐದೂವರೆಯ ತಾಪ, ಎರಡೂ ಹೊತ್ತಿನ ಗಾಳಿಯ ದಿಕ್ಕು, ಮೋಡ ಅಥವಾ ಮಳೆ. ಹವಾಮಾನ ಕೇಂದ್ರದವರೂ ಈ ಎರಡು ಹೊತ್ತಿನಲ್ಲಿ ಅಳತೆ ಬರೆದುಕೊಳ್ಳುತ್ತಾರೆ. ಪಡುವಣ ಗಾಳಿ ಸಂಜೆ ಎಷ್ಟು ಗಂಟೆಗೆ ಬಂತು ಎಂದೂ ಬರೆಯಿರಿ. ಇಚಲಕರಂಜಿಯ ಗೆಳತಿ ಬರೆದದ್ದನ್ನು ಗಡಹಿಂಗ್ಲಜದ ಗೆಳೆಯ ಬರೆದದ್ದರ ಜೊತೆ ಹೋಲಿಸಿ. ಆಂಬೋಲಿ ಘಟ್ಟಕ್ಕೆ ಹತ್ತಿರದ ಗಡಹಿಂಗ್ಲಜಕ್ಕೆ ಗಾಳಿ ಮೊದಲು ಬರುತ್ತದೆಯೇ? ಇದಕ್ಕೆ ಉತ್ತರ ನಿಮ್ಮ ವಹಿಯಲ್ಲೇ ಸಿಗಬೇಕು.

ಮುನ್ನೋಟ ಓದಿದ ಮೇಲೆ

ಬಿಸಿ ಬೇಸಿಗೆ ಎಂದು ಮುನ್ನೋಟ ಹೇಳಿದರೆ ಹೆದರಬೇಕಿಲ್ಲ, ಅಣಿಯಾಗಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರ ವರೆಗೆ ಬಿಸಿಲಲ್ಲಿ ಆಟ ಬೇಡ. ಬಾಯಾರುವ ಮೊದಲೇ ನೀರು ಕುಡಿಯಿರಿ; ಮಜ್ಜಿಗೆ, ಅಂಬಲಿ, ಕೋಕಂ ಶರಬತ್ತು ಇನ್ನೂ ಒಳ್ಳೆಯದು. ಮಗ್ಗದ ಶೆಡ್ಡಿಗೆ, ಕಬ್ಬಿನ ಹೊಲಕ್ಕೆ ಹೋಗುವ ಅಪ್ಪ ಅವ್ವನಿಗೆ ನೀರಿನ ಬಾಟಲಿ ನೆನಪಿಸಿ. ತಲೆ ಸುತ್ತಿ, ಮೈ ಸುಡುತ್ತಿದ್ದು, ಮಾತು ತೊದಲಿದರೆ ಅದು ಬಿಸಿಲಾಘಾತ ಇರಬಹುದು. ನೆರಳಿಗೆ ಕರೆತಂದು ಮೈಗೆ ತಣ್ಣೀರು ಒರೆಸಿ ಗಾಳಿ ಹಾಕಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಿನದಿನದ ಎಚ್ಚರಿಕೆಗೆ ಇಲಾಖೆ ನಾಲ್ಕು ಬಣ್ಣ ಬಳಸುತ್ತದೆ: ಹಸಿರಿಗೆ ನಿಶ್ಚಿಂತೆ, ಹಳದಿಗೆ ಗಮನ, ಕಿತ್ತಳೆಗೆ ಸಿದ್ಧತೆ, ಕೆಂಪಿಗೆ ತಕ್ಷಣ ಕ್ರಮ. ಪತ್ರಿಕೆಯಲ್ಲಿ ಈ ಬಣ್ಣ ಕಂಡರೆ ಮನೆಯಲ್ಲಿ ಓದಿ ಹೇಳುವ ಕೆಲಸ ನಿಮ್ಮದಾಗಲಿ.

ಮುಂದಿನ ಮಾರ್ಚ್ ಕೊನೆಗೆ ಬೇಸಿಗೆಯ ಮುನ್ನೋಟ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಪ್ರದೇಶಕ್ಕೆ ಹೇಳಿದ ಮಾತು? ಬಿಸಿಯ ಸಾಧ್ಯತೆ ಶೇಕಡಾ ಎಷ್ಟು? ವಾಡಿಕೆ ಎಂದರೆ ಯಾವ ವರ್ಷಗಳ ಸರಾಸರಿ? ಮುನ್ನೋಟ ಬಂದ ಪತ್ರಿಕೆಯ ತುಣುಕನ್ನು ಕತ್ತರಿಸಿ ವಹಿಯ ಮೊದಲ ಪುಟಕ್ಕೆ ಅಂಟಿಸಿ. ಜೂನ್‌ನಲ್ಲಿ ಮುಂಗಾರು ಬಂದ ಮೇಲೆ ನಿಮ್ಮ ಅಳತೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ಕೂಡಿತು, ಎಲ್ಲಿ ಕೂಡಲಿಲ್ಲ, ಕೂಡದ ದಿನಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸಿತ್ತು ಎಂದು ಗುರುತು ಹಾಕಿ. ಮೂರು ನಾಲ್ಕು ಬೇಸಿಗೆ ಹೀಗೆ ಬರೆದರೆ, ದೊಡ್ಡ ಪ್ರದೇಶದ ಮುನ್ನೋಟವನ್ನು ನಿಮ್ಮ ಓಣಿಯ ಮಟ್ಟಕ್ಕೆ ಇಳಿಸಿ ಓದಬಲ್ಲವರು ನೀವಾಗಿರುತ್ತೀರಿ.